ಪಾಠದ ಕಟ್ಟಳೆ, ಬಟ್ಟೆಯ ಕಟ್ಟಳೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಊರುಗಳ ಬಟ್ಟೆ ಅಂಗಡಿಗಳಿಗೆ ಬೇರೆಯೇ ಕಳೆ ಬರುತ್ತದೆ. ಮದುವೆ ಸೀರೆಗಳು ಹಿಂದಿನ ಬೀರುವಿಗೆ ಸರಿಯುತ್ತವೆ. ನೀಲಿ, ಬೂದು, ಕಂದು, ಚೌಕುಳಿಯ ಥಾನುಗಳು ಮುಂದೆ ಬಂದು ಕೂರುತ್ತವೆ. ಮಗುವಿನ ಕೈಹಿಡಿದು ಒಳಗೆ ಬಂದ ತಂದೆತಾಯಿಯನ್ನು ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, ‘ಯಾವ ಕಾನ್ವೆಂಟು?’ ಶಾಲೆಯ ಹೆಸರು ಗಣಪತಿಯದ್ದಿರಬಹುದು, ಊರದೇವತೆಯದ್ದಿರಬಹುದು, ಅದನ್ನು ಕಟ್ಟಿಸಿದ ಗುತ್ತಿಗೆದಾರರ ತಂದೆಯವರದ್ದೂ ಇರಬಹುದು. ಇಂಗ್ಲಿಷಿನಲ್ಲಿ ಕಲಿಸುತ್ತಾರೆ, ಕೊರಳಿಗೆ ಟೈ ಕಟ್ಟಿಸುತ್ತಾರೆ ಎಂದಮೇಲೆ ಅದು ಕಾನ್ವೆಂಟೇ ಸರಿ.

ಕಾನ್ವೆಂಟ್ ಎಂದರೆ ನಿಜಕ್ಕೂ ಕ್ಯಾಥೊಲಿಕ್ ಸನ್ಯಾಸಿನಿಯರ ಮಠ. ಮಠದ ಪಕ್ಕದಲ್ಲಿ ಅವರು ಶಾಲೆ ನಡೆಸುತ್ತಿದ್ದುದರಿಂದ ಹೆಸರು ಶಾಲೆಗೆ ಅಂಟಿಕೊಂಡಿತು. ಕೊನೆಗೆ ಮಠವೂ ಇಲ್ಲದ, ಸನ್ಯಾಸಿನಿಯೂ ಇಲ್ಲದ ಶಾಲೆಗಳಿಗೂ ದಾಟಿತು. ಹೆಸರಿನ ಜೊತೆ ದಾಟಿದ್ದೇನು ಎಂಬುದು ಕುತೂಹಲದ ವಿಷಯ. ಕ್ಯಾಥೊಲಿಕ್ ಹೈಸ್ಕೂಲುಗಳು ನಮ್ಮಲ್ಲಿ ಹೆಸರು ಮಾಡಿದ್ದು ಎರಡು ಕಾರಣಕ್ಕೆ: ಪಾಠದಲ್ಲಿ ಬಿಗಿ, ಬಟ್ಟೆಯಲ್ಲಿ ಬಿಗಿ. ಅಲ್ಲಿನ ಮಕ್ಕಳ ಡೈರಿಯ ಮೊದಲ ಪುಟಗಳನ್ನು ತೆರೆದರೆ ಹಾಜರಿ, ಕಿರುಪರೀಕ್ಷೆ, ತೇರ್ಗಡೆಯ ನಿಯಮಗಳು ಒಂದು ಕಡೆ. ಶೂ, ಉಗುರು, ಜಡೆಯ ರಿಬ್ಬನ್, ಸ್ಕರ್ಟಿನ ಉದ್ದದ ನಿಯಮಗಳು ಇನ್ನೊಂದು ಕಡೆ. ಅಕ್ಕಪಕ್ಕದಲ್ಲೇ ಇರುವುದರಿಂದ ಇವೆರಡೂ ಒಂದೇ ತಾಯಿಯ ಮಕ್ಕಳು ಎಂದು ನಾವು ನಂಬಿಬಿಟ್ಟಿದ್ದೇವೆ. ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಪಾಠದ ಕಟ್ಟಳೆಗೆ ನಾಲ್ಕುನೂರು ವರ್ಷ ದಾಟಿದ ವಯಸ್ಸು. ಬಟ್ಟೆಯ ಕಟ್ಟಳೆ ಬೇರೆ ಮನೆಯಲ್ಲಿ ಹುಟ್ಟಿ, ತಡವಾಗಿ ಬಂದು ಸೇರಿಕೊಂಡದ್ದು. ಸಮವಸ್ತ್ರ ಸಮಾನತೆಗಾಗಿ ಎಂಬ ವಿವರಣೆಯಂತೂ ಅದಕ್ಕಿಂತಲೂ ತಡವಾಗಿ ಬಂತು. ಈಚಿನ ವರ್ಷಗಳಲ್ಲಿ ನ್ಯಾಯಾಲಯಗಳ ಮುಂದೆ ಬಂದು ನಿಂತಿರುವುದು ಈ ತಡವಾಗಿ ಬಂದ ಅತಿಥಿಯೇ ಆದ್ದರಿಂದ ಅದರ ಪೂರ್ವೋತ್ತರವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಮೊದಲು ಪಾಠದ ಕಥೆ. ಇಗ್ನೇಷಿಯಸ್ ಲೊಯೋಲಾ ಅವರ ಜೆಸ್ವಿಟ್ ಸಂಘಕ್ಕೆ ಪೋಪರ ಮಾನ್ಯತೆ ದೊರೆತದ್ದು 1540ರಲ್ಲಿ. ಶಾಲೆ ನಡೆಸುವುದು ಆರಂಭದಲ್ಲಿ ಅವರ ಉದ್ದೇಶವೇ ಆಗಿರಲಿಲ್ಲ. ಆದರೆ ಗೋವೆಯ ಸಂತ ಪೌಲರ ಕಾಲೇಜು 1540ರ ದಶಕದಲ್ಲೇ ಅವರ ಕೈಗೆ ಬಂತು. 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಊರಿನವರ ಕೋರಿಕೆಯ ಮೇಲೆ ಒಂದು ಶಾಲೆ ತೆರೆದರು. ಅದು ಹಿಡಿಸಿತು. ಯುರೋಪಿನ ಊರೂರುಗಳಿಂದ ಬೇಡಿಕೆ ಬಂತು. ಶಾಲೆಗಳು ನೂರನ್ನು ದಾಟಿದ ಮೇಲೆ ಒಂದೊಂದು ಕಡೆ ಒಂದೊಂದು ರೀತಿ ಆಗಬಾರದೆಂದು ನಿಯಮಾವಳಿ ಬರೆಯಲು ಕುಳಿತರು. 1586ರಲ್ಲಿ ಒಂದು ಕರಡು, 1591ರಲ್ಲಿ ಇನ್ನೊಂದು. ಎಲ್ಲ ಕಡೆಯ ಉಪಾಧ್ಯಾಯರಿಂದ ಟೀಕೆ ತರಿಸಿಕೊಂಡು, ತಿದ್ದಿ, ಕೊನೆಗೆ 1599ರಲ್ಲಿ ಸಂಘದ ಮುಖ್ಯಸ್ಥ ಕ್ಲಾಡಿಯೊ ಅಕ್ವಾವಿವಾ ಅಂತಿಮ ರೂಪವನ್ನು ಹೊರಡಿಸಿದರು. ಅದರ ಲ್ಯಾಟಿನ್ ಹೆಸರು ‘ರಾಶಿಯೊ ಸ್ಟುಡಿಯೋರಮ್’. ಅಧ್ಯಯನದ ಕ್ರಮ ಎಂದು ಅರ್ಥ.

ಈ ಪುಸ್ತಕದಲ್ಲಿ ತತ್ತ್ವಚಿಂತನೆ ಕಡಿಮೆ. ಯಾರು, ಯಾವಾಗ, ಏನು ಮಾಡಬೇಕು ಎಂಬ ಆಡಳಿತದ ಮಾತೇ ಹೆಚ್ಚು. ನಮ್ಮ ಶಿಕ್ಷಣ ಇಲಾಖೆಯ ಸುತ್ತೋಲೆಗಳನ್ನು ಓದಿದವರಿಗೆ ಅದರ ದನಿ ಹೊಸದೆನಿಸದು. ಕೆಳಹಂತದ ಶಾಲೆಯನ್ನು ಐದು ತರಗತಿಗಳಾಗಿ ವಿಂಗಡಿಸಲಾಯಿತು: ಮೂರು ವ್ಯಾಕರಣದ ತರಗತಿ, ಒಂದು ಕಾವ್ಯಸಾಹಿತ್ಯದ್ದು, ಒಂದು ವಾಕ್ಪಟುತ್ವದ್ದು. ಬೆಳಿಗ್ಗೆ ಎರಡೂವರೆ ಗಂಟೆ, ಮಧ್ಯಾಹ್ನದ ಮೇಲೆ ಎರಡೂವರೆ ಗಂಟೆ ಪಾಠ. ಒಂದು ತರಗತಿಯ ಪಾಠ ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲ. ಆದರೆ ಚುರುಕಾದ ಹುಡುಗನನ್ನು ವರ್ಷದ ಕೊನೆಯವರೆಗೆ ಕಾಯಿಸದೆ ಮಧ್ಯದಲ್ಲೇ ಮೇಲಕ್ಕೆ ಕಳಿಸಬಹುದು. ಉಪಾಧ್ಯಾಯನು ವರ್ಷದ ಕೊನೆಯಲ್ಲಿ ಪ್ರತಿ ಹುಡುಗನನ್ನೂ ಒಂದರಿಂದ ಆರರವರೆಗಿನ ಅಂಕೆಯಿಂದ ಗುರುತಿಸಬೇಕು. ಅತ್ಯುತ್ತಮನಾದರೆ ಒಂದು. ಶಾಲೆಯಿಂದ ಬಿಡಿಸಬೇಕಾದವನಾದರೆ ಆರು. ಗ್ರೇಡ್ ಪದ್ಧತಿಯನ್ನು ಹೊಸ ಸುಧಾರಣೆ ಎಂದು ನಮ್ಮಲ್ಲಿ ಆಗಾಗ ಪರಿಚಯಿಸುತ್ತಿರುತ್ತಾರೆ. ಅದರ ವಯಸ್ಸು ಇಷ್ಟು.

ಪರೀಕ್ಷೆಯ ನಿಯಮಗಳನ್ನಂತೂ ಓದಿಯೇ ಸವಿಯಬೇಕು. ಬರೆಯಲು ಬೇಕಾದ ಸಾಮಾನನ್ನೆಲ್ಲ ಹುಡುಗರು ತಾವೇ ತರಬೇಕು, ಬರೆಯುವಾಗ ಪಕ್ಕದವನನ್ನು ಏನನ್ನೂ ಕೇಳಬಾರದು. ಹೊರಗೆ ಹೋಗಲೇಬೇಕಾದರೆ ಬರೆದ ಹಾಳೆಯನ್ನು ಮೇಲ್ವಿಚಾರಕರ ಬಳಿ ಬಿಟ್ಟುಹೋಗಬೇಕು. ಹತ್ತಿರ ಹತ್ತಿರ ಕೂತ ಇಬ್ಬರ ಉತ್ತರ ಒಂದೇ ತರಹ ಇದ್ದರೆ ಇಬ್ಬರ ಮೇಲೂ ಸಂಶಯ ಪಡಬೇಕು, ಏಕೆಂದರೆ ಯಾರು ಯಾರದನ್ನು ನೋಡಿ ಬರೆದರೆಂದು ತಿಳಿಯಲು ಬರುವುದಿಲ್ಲ! ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ಯಾವ ಮೇಷ್ಟರೂ ಈ ವಾಕ್ಯಕ್ಕೆ ತಲೆದೂಗಬೇಕು.

ಸ್ಪರ್ಧೆಯೂ ಅಲ್ಲಿಂದಲೇ. ಪ್ರತಿ ಹುಡುಗನಿಗೂ ಒಬ್ಬ ಎದುರಾಳಿ. ಒಬ್ಬ ಪಾಠ ಒಪ್ಪಿಸುವಾಗ ತಪ್ಪಿದರೆ ಎದುರಾಳಿ ತಿದ್ದಬೇಕು. ತರಗತಿಯನ್ನು ಎರಡು ಪಾಳಯ ಮಾಡಿ ಒಂದಕ್ಕೆ ರೋಮ್, ಇನ್ನೊಂದಕ್ಕೆ ಕಾರ್ಥೇಜ್ ಎಂದು ಹೆಸರಿಟ್ಟು ಕಾದಾಡಿಸುತ್ತಿದ್ದರು. ಇಂದಿನ ಶಾಲೆಗಳ ಕೆಂಪು ಹೌಸ್, ನೀಲಿ ಹೌಸ್‌ಗಳನ್ನು ಕಂಡಾಗ ನನಗೆ ಈ ಕಾರ್ಥೇಜಿನ ಹುಡುಗರ ನೆನಪಾಗುತ್ತದೆ. ಬೆತ್ತದ ವಿಷಯದಲ್ಲಿ ಅವರದ್ದೊಂದು ಜಾಣ ಏರ್ಪಾಡಿತ್ತು. ಒಳ್ಳೆಯ ಮಾತಿಗೆ ಬಗ್ಗದ ಹುಡುಗನಿಗೆ ಏಟು ಕೊಡಬಹುದು, ಆದರೆ ಪಾದ್ರಿಗಳು ಕೊಡಕೂಡದು; ಅದಕ್ಕೆ ಸಂಘದ ಹೊರಗಿನ ಒಬ್ಬನನ್ನು ನೇಮಿಸಿಕೊಳ್ಳಬೇಕು. ಕೈ ಶುದ್ಧವಾಗಿರಬೇಕು, ಕೆಲಸವೂ ಆಗಬೇಕು.

ಇನ್ನು ಭಾಷೆ. ಶಾಲೆಯ ವಿಷಯಕ್ಕೆ ಸಂಬಂಧಿಸಿದ ಯಾವ ಮಾತನ್ನೂ ಮನೆಮಾತಿನಲ್ಲಿ ಆಡಕೂಡದು, ಲ್ಯಾಟಿನ್ನಿನಲ್ಲೇ ಆಡಬೇಕು, ತಪ್ಪಿದವರ ಹೆಸರು ಬರೆದಿಡಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ನಾನು ಓದಿದ ಶಾಲೆಯಲ್ಲಿ ಕನ್ನಡ ಆಡಿದರೆ ನಾಲ್ಕಾಣೆ ದಂಡ ಹಾಕುತ್ತಿದ್ದರು. ದಂಡ ಬರೆದುಕೊಳ್ಳುವ ಹುಡುಗ ನಮ್ಮ ಬೀದಿಯವನೇ. ಬಿಡುವಿನಲ್ಲಿ ಅವನೊಡನೆ ಕನ್ನಡದಲ್ಲೇ ಚೌಕಾಸಿ ಮಾಡಿ ಎರಡಾಣೆಗೆ ಇಳಿಸುತ್ತಿದ್ದೆವು. ಅದು ಇಂಗ್ಲಿಷರ ದರ್ಪ ಎಂದು ಬಹಳ ಕಾಲ ತಿಳಿದಿದ್ದೆ. ದರ್ಪವೂ ಇತ್ತೆನ್ನಿ. ಆದರೆ ಅಭ್ಯಾಸದ ಬೇರು ಇನ್ನೂ ಆಳದಲ್ಲಿದೆ. ಲ್ಯಾಟಿನ್ ಕೂತಿದ್ದ ಪೀಠದ ಮೇಲೆ ಇಂಗ್ಲಿಷ್ ಬಂದು ಕೂತದ್ದು ಅಷ್ಟೆ.

ಹೊರಗಿನಿಂದ ಓದಲು ಬರುವ ಹುಡುಗರಿಗೆಂದೇ ಆ ಪುಸ್ತಕದಲ್ಲಿ ಪ್ರತ್ಯೇಕವಾಗಿ ಹದಿನೈದು ನಿಯಮಗಳಿವೆ. ಚೂರಿ, ಕಠಾರಿ ತರಬಾರದು. ಬೈಗುಳ ಆಡಬಾರದು, ಆಣೆ ಹಾಕಬಾರದು. ನಾಟಕ, ತಮಾಷೆಗಳಿಗೆ ಹೋಗಬಾರದು. ಅಪರಾಧಿಗಳನ್ನು ಗಲ್ಲಿಗೇರಿಸುವುದನ್ನು ನೋಡಲು ಹೋಗಬಾರದು, ಧರ್ಮವಿರೋಧಿಗಳನ್ನು ಕೊಲ್ಲುವುದಾದರೆ ಹೋಗಬಹುದೇನೋ ಎಂಬ ಒಂದು ರಿಯಾಯಿತಿ ಬೇರೆ! ಕಾಲದ ಕ್ರೌರ್ಯ ನಿಯಮದ ಪುಸ್ತಕದಲ್ಲೂ ಹೀಗೆ ಇಣುಕುತ್ತದೆ. ಇಷ್ಟೆಲ್ಲ ಹೇಳಿದ ಪುಸ್ತಕ, ಹುಡುಗರು ಇಂಥ ಬಣ್ಣದ, ಇಂಥ ಮಾದರಿಯ ಬಟ್ಟೆಯನ್ನೇ ತೊಟ್ಟು ಬರಬೇಕೆಂದು ಎಲ್ಲೂ ಹೇಳುವುದಿಲ್ಲ.

ಸಮಾನತೆಯ ವಿಷಯದಲ್ಲಿ ಅದರ ನಿಲುವು ಏನು? ಬಡವ ಎಂಬ ಕಾರಣಕ್ಕೆ, ಕುಲ ಕಡಿಮೆ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಶುಲ್ಕವನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ದಾನದತ್ತಿಗಳಿಂದ ಶಾಲೆ ನಡೆಯಬೇಕಿತ್ತು. ಅದೇ ಪುಸ್ತಕದ ಇನ್ನೊಂದು ನಿಯಮ, ಶ್ರೀಮಂತ ಮನೆತನದವರಿಗೆ ಅನುಕೂಲವಾದ ಬೆಂಚು ಕೊಡಬೇಕೆನ್ನುತ್ತದೆ. ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ. ಕೂರುವ ಜಾಗ ಮಾತ್ರ ಅವರವರ ಅಂತಸ್ತಿಗೆ ತಕ್ಕಂತೆ.

ಹಾಗಾದರೆ ಸಮವಸ್ತ್ರ ಎಲ್ಲಿಂದ ಬಂತು? ಅದರ ಒಂದು ಹಳೆಯ ಮೂಲ ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್. ಆಸ್ಪತ್ರೆಯಲ್ಲ, ನಿರ್ಗತಿಕ ಮಕ್ಕಳ ಶಾಲೆ, 1552ರಲ್ಲಿ ಆರಂಭವಾಯಿತು. ಅದು ಕ್ಯಾಥೊಲಿಕ್ ಶಾಲೆಯಲ್ಲ. ಕ್ಯಾಥೊಲಿಕ್ ಸನ್ಯಾಸಿಗಳನ್ನು ಎಬ್ಬಿಸಿ ಖಾಲಿ ಮಾಡಿಸಿದ ಮಠದ ಕಟ್ಟಡದಲ್ಲಿ ಅದು ಹುಟ್ಟಿತು ಎಂಬುದು ಚರಿತ್ರೆಯ ಕುಚೋದ್ಯ. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ನಿಲುವಂಗಿ, ಹಳದಿ ಕಾಲುಚೀಲ. ನೀಲಿ ಆಗ ಅಗ್ಗದ ಬಣ್ಣ. ಇವರು ಧರ್ಮದ ಅನ್ನ ಉಣ್ಣುವ ಮಕ್ಕಳು ಎಂದು ಬೀದಿಯ ಜನಕ್ಕೆ ದೂರದಿಂದಲೇ ಗೊತ್ತಾಗುತ್ತಿತ್ತು. ಮುಂದೆ ಇಂಗ್ಲೆಂಡಿನ ಎಷ್ಟೋ ಧರ್ಮಶಾಲೆಗಳು ‘ನೀಲಿ ಕೋಟಿನ ಶಾಲೆ’ ಎಂದೇ ಹೆಸರಾದವು. ಸಿರಿವಂತರ ಮಕ್ಕಳ ಶಾಲೆಗಳು ಉಡುಪಿನ ಮೇಲೆ ಕಣ್ಣು ಹಾಕಿದ್ದು ಬಹಳ ತಡವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಬಡತನದ ಗುರುತಾಗಿ ಹುಟ್ಟಿದ ಬಟ್ಟೆ ಪ್ರತಿಷ್ಠೆಯ ಗುರುತಾಯಿತು.

ಕ್ಯಾಥೊಲಿಕರ ಕಡೆ ಇದಕ್ಕೆ ಹತ್ತಿರದ ಉದಾಹರಣೆ ಫ್ರಾನ್ಸಿನ ಸೇಂಟ್-ಸೀರ್. ಹದಿನಾಲ್ಕನೆಯ ಲೂಯಿ ದೊರೆಯ ಎರಡನೆಯ ಪತ್ನಿ ಮದಾಂ ದ ಮ್ಯಾಂಟನಾನ್ 1686ರಲ್ಲಿ ವರ್ಸೈ ಅರಮನೆಯ ಹತ್ತಿರ ಸ್ಥಾಪಿಸಿದ ವಸತಿಶಾಲೆ ಅದು. ಕೀರ್ತಿಯಿದ್ದು ಕಾಸಿಲ್ಲದ ಮನೆತನಗಳ 250 ಹುಡುಗಿಯರಿಗೆ ಅಲ್ಲಿ ಊಟ, ವಸತಿ, ಪಾಠ. ಎಲ್ಲರಿಗೂ ಒಂದೇ ತರಹದ ಗಾಢಬಣ್ಣದ ಉಡುಪು, ಅದರ ಮೇಲೆ ತರಗತಿಗೆ ತಕ್ಕ ಬಣ್ಣದ ರಿಬ್ಬನ್. ಚಿಕ್ಕವರಿಗೆ ಕೆಂಪು, ಆಮೇಲೆ ಹಸಿರು, ಆಮೇಲೆ ಹಳದಿ, ಹದಿನೇಳು ದಾಟಿದವರಿಗೆ ನೀಲಿ. ಕೆಂಪು ರಿಬ್ಬನ್ನಿನವರು ಅಕ್ಷರ, ಲೆಕ್ಕ, ಧರ್ಮೋಪದೇಶ ಕಲಿತರೆ ಹಸಿರಿನವರಿಗೆ ಚರಿತ್ರೆ, ಭೂಗೋಳ ಸೇರುತ್ತಿತ್ತು. ಬಟ್ಟೆಯೂ ಪಾಠವೂ ಒಂದೇ ನೂಲಿನಲ್ಲಿ ಗಂಟು ಬಿದ್ದದ್ದನ್ನು ಇಲ್ಲಿ ನೋಡಬಹುದು. ನಾಟಕಕಾರ ರಾಸೀನ್ ಈ ಹುಡುಗಿಯರಿಗಾಗಿಯೇ ‘ಎಸ್ತೇರ್’ ಬರೆದ. 1689ರಲ್ಲಿ ದೊರೆಯ ಮುಂದೆ ಅದರ ಪ್ರಯೋಗವಾಯಿತು. ಆಸ್ಥಾನದವರ ಕಣ್ಣು ಹುಡುಗಿಯರ ಮೇಲೆ ಬೀಳತೊಡಗಿದಾಗ ಸಂಸ್ಥಾಪಕಿಗೆ ದಿಗಿಲಾಯಿತು. 1692ರಲ್ಲಿ ಶಾಲೆಯನ್ನು ಪೂರ್ತಿ ಸನ್ಯಾಸಿನಿಯರ ಮಠವನ್ನಾಗಿ ಮಾಡಿಬಿಟ್ಟರು. ಹುಡುಗಿಯರ ಶಾಲೆಯಲ್ಲಿ ಬಟ್ಟೆಯ ನಿಯಮಕ್ಕೆ ‘ಮರ್ಯಾದೆ’ ಎಂಬ ಇನ್ನೊಂದು ಅರ್ಥ ಸೇರಿಕೊಳ್ಳುವುದೂ ಇಂಥ ಕಡೆಯಲ್ಲೇ. ನಮ್ಮ ಡೈರಿಗಳಲ್ಲಿ ಹುಡುಗರ ಚಡ್ಡಿಗೆ ಒಂದು ಸಾಲು, ಹುಡುಗಿಯರ ಉಡುಪಿಗೆ ಅರ್ಧ ಪುಟ ಇರುವುದನ್ನು ಗಮನಿಸಿದ್ದೀರಲ್ಲ?

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರಿಗೆ ಅಪೋಸ್ತಲಿಕ್ ಕಾರ್ಮೆಲ್ ಸಂಘದ ಸನ್ಯಾಸಿನಿಯರು ಫ್ರಾನ್ಸಿನ ಬಯೋನ್‌ನಿಂದ 1870ರಲ್ಲಿ ಬಂದಿಳಿದರು. ಸೇಂಟ್ ಆನ್ಸ್ ಶಾಲೆಯ ಮೂಲ ಅಲ್ಲಿದೆ. 1878ರ ಕೊನೆಯ ದಿನ ಜೆಸ್ವಿಟರು ಬಂದರು. 1880ರಲ್ಲಿ ಸೇಂಟ್ ಅಲೋಶಿಯಸ್ ಆರಂಭವಾಯಿತು. 2024ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯದ ದರ್ಜೆಗೆ ಏರಿತು. ಆ ಹೆಸರಿನ ಸಂತ ಅಲೋಶಿಯಸ್ ಗೊಂಜಾಗಾ ರೋಮಿನಲ್ಲಿ ಜೆಸ್ವಿಟ್ ವಿದ್ಯಾರ್ಥಿಯಾಗಿದ್ದಾಗಲೇ ನಿಯಮಾವಳಿಯ ಕರಡುಗಳು ತಯಾರಾಗುತ್ತಿದ್ದವು. ಎರಡನೆಯ ಕರಡಿನ ವರ್ಷವೇ, 1591ರಲ್ಲಿ, ಸಾಂಕ್ರಾಮಿಕ ರೋಗಿಗಳ ಸೇವೆಗೆ ಹೋಗಿ ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡರು. ಮಂಗಳೂರಿನ ಚಾಪೆಲಿನಲ್ಲಿ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳಲ್ಲಿ ಅವರ ಬದುಕನ್ನು ನೋಡಬಹುದು.

ಮಂಗಳೂರಿಗೆ ಬಂದ ಹೊತ್ತಿಗೆ ಹಳೆಯ ಲ್ಯಾಟಿನ್ ಕ್ರಮ ಸಡಿಲವಾಗಿತ್ತು. 1773ರಲ್ಲಿ ಪೋಪರು ಸಂಘವನ್ನೇ ವಿಸರ್ಜಿಸಿ, 1814ರಲ್ಲಿ ಮತ್ತೆ ಜೀವ ಕೊಟ್ಟಿದ್ದರು. 1832ರಲ್ಲಿ ತಿದ್ದಿದ ನಿಯಮಾವಳಿ ಗಣಿತ, ವಿಜ್ಞಾನ, ದೇಶಭಾಷೆಗಳಿಗೆ ಹೆಚ್ಚು ಜಾಗ ಕೊಟ್ಟಿತ್ತು. ಇಲ್ಲಿ ಅವರ ಮೇಲೆ ಇನ್ನೊಬ್ಬ ಯಜಮಾನನೂ ಇದ್ದ. ದಕ್ಷಿಣ ಕನ್ನಡ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದು. ಪರೀಕ್ಷೆ ಮದರಾಸು ವಿಶ್ವವಿದ್ಯಾಲಯದ್ದು. ಸರ್ಕಾರದ ಅನುದಾನ ಬೇಕೆಂದರೆ 1854ರ ವುಡ್ ಅವರ ಶಿಕ್ಷಣ ನಿರೂಪದ ಪ್ರಕಾರ ಲೌಕಿಕ ವಿಷಯಗಳನ್ನು ಸರಿಯಾಗಿ ಕಲಿಸಬೇಕು, ಇನ್‌ಸ್ಪೆಕ್ಟರು ಬಂದರೆ ಬಾಗಿಲು ತೆರೆಯಬೇಕು. ಹೀಗೆ ಕ್ಯಾಥೊಲಿಕ್ ಶಾಲೆ ಸಾಮಾನ್ಯ ಶಾಲೆಯೂ ಆಯಿತು. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶದ ಪಿರಿಯಡ್, ಅದೇ ಹೊತ್ತಿಗೆ ಉಳಿದವರಿಗೆ ನೀತಿಪಾಠ ಎಂಬ ಏರ್ಪಾಡನ್ನು ಇಂಥ ಶಾಲೆಯಲ್ಲಿ ಓದಿದ ಹಿಂದೂ, ಮುಸ್ಲಿಂ, ಜೈನ ಮಿತ್ರರೆಲ್ಲ ಬಲ್ಲರು. ಇಂಗ್ಲಿಷ್ ಆಳುತ್ತಿದ್ದ ಆ ಅಂಗಳದಲ್ಲೇ ಆಂಜೆಲೊ ಮಾಫೆಯಿ ಎಂಬ ಇಟಲಿಯ ಪಾದ್ರಿ 1882ರಲ್ಲಿ ಕೊಂಕಣಿಯ ವ್ಯಾಕರಣ, ಮರುವರ್ಷ ಇಂಗ್ಲಿಷ್–ಕೊಂಕಣಿ ನಿಘಂಟು ಹೊರತಂದರು. ಅಚ್ಚಾದದ್ದು ಎದುರು ಪಂಥದವರಾದ ಬಾಸೆಲ್ ಮಿಷನ್ನಿನ ಪ್ರೆಸ್ಸಿನಲ್ಲಿ. ಮಕ್ಕಳಿಗೆ ನಿಷಿದ್ಧವಾದದ್ದು ಮೇಷ್ಟರಿಗೆ ತಪಸ್ಸಾಗಿತ್ತು!

ಬಟ್ಟೆ? ಆ ಕಾಲದ ಶಾಲೆಗಳ ಗ್ರೂಪ್ ಫೋಟೋ ನಿಮ್ಮ ಮನೆಯ ಗೋಡೆಯಲ್ಲೋ ಅಟ್ಟದಲ್ಲೋ ಇದ್ದರೆ ತೆಗೆದು ನೋಡಿ. ಒಬ್ಬನಿಗೆ ರುಮಾಲು, ಒಬ್ಬನಿಗೆ ಕರಿಟೋಪಿ, ಒಬ್ಬನ ಜುಟ್ಟು ಬಟ್ಟಬಯಲು. ಕೋಟಿನ ಕೆಳಗೆ ಕಚ್ಚೆಪಂಚೆ, ಅದರ ಕೆಳಗೆ ಬರಿಗಾಲು. ಜಾತಿ, ಮನೆತನ, ಅಪ್ಪನ ಸಂಬಳ ಎಲ್ಲವೂ ಫೋಟೋದಲ್ಲಿ ಓದಲು ಬರುತ್ತದೆ. ಅದರಿಂದ ಪಾಠ ಕೆಟ್ಟಿತೆಂದು ಯಾರಿಗೂ ಅನ್ನಿಸಿರಲಿಲ್ಲ. ಹಗಲು ಶಾಲೆಗೆ ಬರುವ ಎಲ್ಲ ಮಕ್ಕಳಿಗೂ ಒಂದೇ ಬಟ್ಟೆ ಎಂಬುದು ನಮ್ಮಲ್ಲಿ ರೂಢಿಗೆ ಬಂದದ್ದು ಇಪ್ಪತ್ತನೆಯ ಶತಮಾನ ಸಾಕಷ್ಟು ಮುಂದೆ ಸಾಗಿದ ಮೇಲೆ. ಒಂದೇ ಛಾಯೆಯ ಬಟ್ಟೆ ಥಾನುಗಟ್ಟಲೆ ಸಿಗಬೇಕಲ್ಲ, ಗಿರಣಿಗಳು ಬೇಕಿದ್ದವು.

ಬೆಂಗಳೂರಿನಲ್ಲಿ ಇನ್ನೊಂದು ನೋಟ. 1882ರಲ್ಲಿ ಫ್ರೆಂಚ್ ಪಾದ್ರಿಗಳು ಆರಂಭಿಸಿದ ಸೇಂಟ್ ಜೋಸೆಫ್ಸ್ ಮುಂದೆ ಎರಡು ಹೈಸ್ಕೂಲುಗಳಾಯಿತು. ಒಂದರ ಹೆಸರು ಯುರೋಪಿಯನ್ ಹೈಸ್ಕೂಲ್, ಇನ್ನೊಂದರ ಹೆಸರು ಇಂಡಿಯನ್ ಹೈಸ್ಕೂಲ್. ಎರಡನ್ನೂ ನಡೆಸುತ್ತಿದ್ದವರು ಒಂದೇ ಧರ್ಮದ ಗುರುಗಳು. ಆ ಕಾಲದಲ್ಲಿ ಯುರೋಪಿಯನ್ ಶಾಲೆಗಳಿಗೆ ಸರ್ಕಾರದ ನಿಯಮಾವಳಿಯೂ ಬೇರೆ, ಪರೀಕ್ಷೆಯೂ ಬೇರೆ. ಶಾಲೆಯೇ ಮೈಬಣ್ಣದ ಮೇಲೆ ಎರಡಾಗಿದ್ದಾಗ ಬಟ್ಟೆ ಎಲ್ಲರನ್ನೂ ಒಂದು ಮಾಡುತ್ತದೆ ಎಂಬ ಮಾತಿಗೆ ಜಾಗವೆಲ್ಲಿ? ಆ ಮಾತು ಬಂದದ್ದು ಸ್ವಾತಂತ್ರ್ಯದ ಆಮೇಲಿನ ಗಾಳಿಯಲ್ಲಿ. ಸಾಹುಕಾರನ ಮಗ, ಜವಾನನ ಮಗ ಒಂದೇ ಬೆಂಚಿನಲ್ಲಿ ಕೂರುವ ಕಾಲ ಬಂದಾಗ ಸಮವಸ್ತ್ರಕ್ಕೆ ಹೊಸ ಅರ್ಥ ಹುಟ್ಟಿತು. ಸುಳ್ಳು ಅರ್ಥವೇನಲ್ಲ. ಹರಿದ ಅಂಗಿಯ ಹುಡುಗನಿಗೆ ಅದು ನಿಜವಾಗಿ ನೆರಳಾಯಿತು. ಕರ್ನಾಟಕ ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ ಪಠ್ಯಪುಸ್ತಕದ ಜೊತೆ ಬಟ್ಟೆಯನ್ನೂ ಪುಕ್ಕಟೆ ಕೊಡುವುದು ಈ ಅರ್ಥವನ್ನು ಮನಗಂಡೇ. ಖಾಸಗಿ ಶಾಲೆಯಲ್ಲಿ ಮಾತ್ರ ಆ ನೆರಳನ್ನು ದುಡ್ಡು ಕೊಟ್ಟು ಕೊಳ್ಳಬೇಕು: ಸೋಮವಾರದ ಜೊತೆ ಬೇರೆ, ಶನಿವಾರದ ಬಿಳಿ ಬಟ್ಟೆ ಬೇರೆ, ಅದಕ್ಕೆ ಸೀಮೆಸುಣ್ಣ ತಿಕ್ಕಿದ ಕ್ಯಾನ್‌ವಾಸ್ ಶೂ ಬೇರೆ.

ಪಾಠ, ಬಟ್ಟೆ ಇವೆರಡರಲ್ಲಿ ಕ್ಯಾಥೊಲಿಕ್ ಶಾಲೆಯ ಯಶಸ್ಸಿಗೆ ಯಾವುದು ಕಾರಣ? ಈ ಪ್ರಶ್ನೆಯನ್ನು ಲೆಕ್ಕ ಹಾಕಿ ನೋಡಿದವರು ಅಮೆರಿಕದವರು. ಅಲ್ಲಿನ ಬಿಷಪ್ಪರು 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸಭೆ ಸೇರಿ ಪ್ರತಿ ಚರ್ಚಿನ ಪಕ್ಕ ಎರಡು ವರ್ಷದೊಳಗೆ ಒಂದು ಶಾಲೆ ಆಗಬೇಕೆಂದು ಅಪ್ಪಣೆ ಮಾಡಿದ್ದರು. 1965ರ ಹೊತ್ತಿಗೆ ಆ ಶಾಲೆಗಳಲ್ಲಿ ಸುಮಾರು 52 ಲಕ್ಷ ಮಕ್ಕಳಿದ್ದರು. ಆಮೇಲೆ ಸಂಖ್ಯೆ ಇಳಿಯುತ್ತ ಬಂದು ಈಗ ಸುಮಾರು 17 ಲಕ್ಷಕ್ಕೆ ನಿಂತಿದೆ. ಸಂಖ್ಯೆ ಇಳಿಯುತ್ತಿದ್ದಾಗಲೇ, 1982ರಲ್ಲಿ, ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಒಂದು ಪುಸ್ತಕ ಪ್ರಕಟಿಸಿ, ಕ್ಯಾಥೊಲಿಕ್ ಹೈಸ್ಕೂಲಿನ ಮಕ್ಕಳು ಸರ್ಕಾರಿ ಶಾಲೆಯ ಮಕ್ಕಳಿಗಿಂತ ಕಲಿಕೆಯಲ್ಲಿ ಮುಂದಿದ್ದಾರೆ ಎಂದರು. ಮುತುವರ್ಜಿಯ ತಂದೆತಾಯಿಯೇ ಮಕ್ಕಳನ್ನು ಅಲ್ಲಿಗೆ ಕಳಿಸುವುದರಿಂದ ಹಾಗೆ ಕಾಣುತ್ತದಷ್ಟೆ ಎಂದು ವಿರೋಧಿಗಳು ವಾದಿಸಿದರು. ಜಗಳ ವರ್ಷಗಟ್ಟಲೆ ನಡೆಯಿತು. 1993ರಲ್ಲಿ ಆಂಥೊನಿ ಬ್ರೈಕ್, ವಲೇರಿ ಲೀ, ಪೀಟರ್ ಹಾಲೆಂಡ್ ಎಂಬ ಮೂವರು ಈ ಶಾಲೆಗಳ ಒಳಗೆ ಏನು ನಡೆಯುತ್ತದೆಂದು ನೋಡಿ ಬರೆದರು. ಅವರು ಕಂಡ ಮುಖ್ಯ ಕಾರಣ ಸರಳ: ಆಯ್ಕೆಗೆ ಹೆಚ್ಚು ಅವಕಾಶ ಕೊಡದೆ ಬಡವರ ಮಕ್ಕಳಿಗೂ ಅದೇ ಗಣಿತ, ಅದೇ ವಿಜ್ಞಾನ, ಅದೇ ಸಾಹಿತ್ಯ. ‘ಇವನಿಗೆ ಬೀಜಗಣಿತ ಬೇಡ, ಕೈಕೆಲಸ ಸಾಕು’ ಎಂದು ಬೇರ್ಪಡಿಸುವುದು ಕಡಿಮೆ. ಜೊತೆಗೆ, ಮಕ್ಕಳನ್ನು ಹೆಸರು ಹಿಡಿದು ಬಲ್ಲ ಮೇಷ್ಟರು. ಅಂದರೆ 1599ರ ಪುಸ್ತಕದ ಹಳೆಯ ಗುಟ್ಟೇ.

ಆದರೆ ಸರ್ಕಾರಿ ಶಾಲೆಗಳು ನಕಲು ಮಾಡಲು ಹೊರಟದ್ದು ಏನನ್ನು? 1994ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಜಿಲ್ಲೆ ತನ್ನ ಶಾಲೆಗಳಲ್ಲಿ ಸಮವಸ್ತ್ರ ಜಾರಿ ಮಾಡಿತು. 1996ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಸಂಸತ್ತಿನ ಮುಂದೆ ಭಾಷಣ ಮಾಡುತ್ತ, ಹುಡುಗರು ದುಬಾರಿ ಜಾಕೆಟ್ಟಿಗಾಗಿ ಕೊಲೆ ಮಾಡುವುದು ನಿಲ್ಲುವುದಾದರೆ ಸರ್ಕಾರಿ ಶಾಲೆಗಳೂ ಸಮವಸ್ತ್ರ ತರಲಿ ಎಂಬ ಅರ್ಥದ ಮಾತನಾಡಿದರು. ಡೇವಿಡ್ ಬ್ರನ್ಸ್ಮಾ ಮತ್ತು ಕೆರಿ ಆನ್ ರಾಕ್‌ಕ್ವೆಮೋರ್ 1998ರಲ್ಲಿ ರಾಷ್ಟ್ರಮಟ್ಟದ ಅಂಕಿಅಂಶ ಹಿಡಿದು ಲೆಕ್ಕ ಹಾಕಿದಾಗ, ಹಾಜರಿಗಾಗಲಿ ನಡತೆಗಾಗಲಿ ಸಮವಸ್ತ್ರದಿಂದ ನೇರ ಪ್ರಯೋಜನವೇನೂ ಕಾಣಲಿಲ್ಲ. ಅಂಕಗಳಲ್ಲಿ ಸ್ವಲ್ಪ ಇಳಿಕೆಯೇ ಕಂಡಿತು. ಇದನ್ನು ಒಪ್ಪದವರೂ ಇದ್ದಾರೆ. ಪಠ್ಯಕ್ರಮವನ್ನು ಬದಲಿಸುವುದು ಕಷ್ಟ, ದುಬಾರಿ, ಹೊರಗಿನವರಿಗೆ ಕಾಣಿಸುವುದಿಲ್ಲ. ಸ್ಕರ್ಟಿನ ಬಣ್ಣವನ್ನು ಒಂದೇ ಜೂನ್‌ನಲ್ಲಿ ಬದಲಿಸಬಹುದು. ನಮ್ಮ ಬಡಾವಣೆಯ ಕಾನ್ವೆಂಟುಗಳು ಟೈಯನ್ನು ಮೊದಲು ತಂದು ಬೀಜಗಣಿತದ ಮೇಷ್ಟರನ್ನು ಆಮೇಲೆ ಹುಡುಕುವುದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಾದರೆ ಇದು ನಕ್ಕು ಬಿಡುವ ವಿಷಯವಾಗುತ್ತಿತ್ತು. ಬಟ್ಟೆಯ ಕಟ್ಟಳೆಯಿಂದ ಮಗು ಶಾಲೆಯ ಹೊರಗೆ ನಿಲ್ಲುವಂತಾದಾಗ ನಗುವುದು ಕಷ್ಟ. ತಿರುವನಂತಪುರದ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಮುಸ್ಲಿಂ ಹುಡುಗಿಯರು ತಲೆವಸ್ತ್ರ, ಪೂರ್ಣ ತೋಳಿನ ಅಂಗಿ ತೊಡಲು ಅನುಮತಿ ಕೇಳಿದರು. ಶಾಲೆ ಒಪ್ಪಲಿಲ್ಲ. ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎ. ಮುಹಮ್ಮದ್ ಮುಸ್ತಾಕ್ 2018ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟರು: ಇಷ್ಟದ ಉಡುಪು ತೊಡುವುದು ವ್ಯಕ್ತಿಯ ಹಕ್ಕು ಹೌದು, ಸಂಸ್ಥೆಯನ್ನು ನಡೆಸುವುದು ಖಾಸಗಿ ಆಡಳಿತದ ಹಕ್ಕೂ ಹೌದು, ಎರಡೂ ಎದುರುಬದುರಾದರೆ ಸಂಸ್ಥೆಯ ವ್ಯಾಪಕ ಹಿತ ಮೇಲಾಗಬೇಕು. ಹುಡುಗಿಯರು ಬಿಟ್ಟುಹೋಗಲು ಬಯಸಿದರೆ ಯಾವ ಷರಾ ಬರೆಯದೆ ವರ್ಗಾವಣೆ ಪತ್ರ ಕೊಡಬೇಕು. ಇದೇ ನ್ಯಾಯಮೂರ್ತಿಗಳು 2016ರಲ್ಲಿ, ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಲೆವಸ್ತ್ರ ತೊಟ್ಟು ಕೂರಬಹುದು, ಬೇಕಾದರೆ ಮಹಿಳಾ ಮೇಲ್ವಿಚಾರಕರು ತಪಾಸಣೆ ಮಾಡಲಿ ಎಂದಿದ್ದರು. ಅಲ್ಲಿ ಎದುರಿಗಿದ್ದದ್ದು ಸಾರ್ವಜನಿಕ ಪರೀಕ್ಷೆ, ಇಲ್ಲಿದ್ದದ್ದು ಖಾಸಗಿ ಶಾಲೆ.

ಕರ್ನಾಟಕ ಸರ್ಕಾರ 2022ರ ಫೆಬ್ರುವರಿ 5ರಂದು ಹೊರಡಿಸಿದ ಸಮವಸ್ತ್ರದ ಆದೇಶ ಆಧಾರಕ್ಕೆ ಹಿಡಿದ ತೀರ್ಪುಗಳಲ್ಲಿ ತಿರುವನಂತಪುರದ್ದೂ ಒಂದು. ಖಾಸಗಿ ಶಾಲೆಯ ಅಂಗಳದಲ್ಲಿ ಹುಟ್ಟಿದ ಮಾತು ಸರ್ಕಾರಿ ಕಾಲೇಜಿನ ಗೇಟಿಗೆ ಬಂದು ನಿಂತಿತು. ನನಗೆ ತೊಡಕೆನಿಸುವುದು ಇಲ್ಲಿ. ಕ್ಯಾಥೊಲಿಕ್ ಶಾಲೆ ಸಂವಿಧಾನದ 30ನೆಯ ವಿಧಿಯ ಕೆಳಗೆ ಅಲ್ಪಸಂಖ್ಯಾತರು ನಡೆಸುವ ಸಂಸ್ಥೆ. ತನ್ನದೇ ರೀತಿಯಲ್ಲಿ ಆಡಳಿತ ನಡೆಸುವ ಅದರ ಹಕ್ಕನ್ನು 1974ರಲ್ಲಿ ಅಹಮದಾಬಾದಿನ ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದಿದೆ. ಅಲ್ಲಿ ಹಿಡಿಸದ ಹುಡುಗಿಗೆ ಸರ್ಕಾರಿ ಶಾಲೆಯಾದರೂ ಇದೆ. ಸರ್ಕಾರಿ ಕಾಲೇಜಿನ ಗೇಟಿನಿಂದ ಹಿಂದಿರುಗಿದವಳು ಎಲ್ಲಿಗೆ ಹೋಗಬೇಕು? 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದರು. ಹೇಮಂತ್ ಗುಪ್ತಾ ಆದೇಶದ ಪರ ನಿಂತರು. ಸುಧಾಂಶು ಧೂಲಿಯಾ, ಹೆಣ್ಣುಮಗುವಿನ ಓದು ಮೊದಲು ಎಂಬ ನೆಲೆಯಲ್ಲಿ ವಿರುದ್ಧ ಬರೆದರು. ವಿಷಯವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಲಾಯಿತು.

2025ರ ಅಕ್ಟೋಬರಿನಲ್ಲಿ ಕೊಚ್ಚಿಯ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯ ತಲೆವಸ್ತ್ರದ ಬಗ್ಗೆ ಮತ್ತೆ ಗದ್ದಲವಾಗಿ ಶಾಲೆಗೆ ಎರಡು ದಿನ ರಜೆ ಕೊಡಬೇಕಾಯಿತು. ಬೇಡವೆಂದ ಪ್ರಾಂಶುಪಾಲರು ಸ್ವತಃ ತಲೆಯ ಮೇಲೆ ಮುಸುಕು ಧರಿಸಿದ ಸನ್ಯಾಸಿನಿ ಎಂಬುದನ್ನು ಹಲವರು ಎತ್ತಿ ಆಡಿದರು. ಅದು ವಯಸ್ಕರೊಬ್ಬರು ವ್ರತವಾಗಿ ಸ್ವೀಕರಿಸಿದ ಉಡುಪು, ಮಕ್ಕಳ ನಿಯಮ ಅವರಿಗೆ ಅನ್ವಯಿಸದು ಎಂಬ ಉತ್ತರದಲ್ಲೂ ಹುರುಳಿದೆ. ಆದರೆ ಆ ಮುಸುಕಿಗೂ ಒಂದು ಚರಿತ್ರೆಯಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಹೊರಡಿಸಿದ ನಿರೂಪ, ಸನ್ಯಾಸಿಗಳ ಉಡುಪು ಸರಳವಾಗಿರಲಿ, ಕಾಲಕ್ಕೂ ದೇಶಕ್ಕೂ ಮಾಡುವ ಕೆಲಸಕ್ಕೂ ಹೊಂದಲಿ, ಹೊಂದದಿದ್ದರೆ ಬದಲಿಸಿ ಎಂದು ಹೇಳಿತು. ನಮ್ಮ ಎಷ್ಟೋ ಕಾನ್ವೆಂಟುಗಳ ಸಿಸ್ಟರುಗಳು ಬಿಳಿಯ, ಕಂದುಬಣ್ಣದ ಸೀರೆಗೆ ಬಂದದ್ದು ಆಮೇಲೆ. ಮೇಷ್ಟರ ಬಟ್ಟೆ ಸಡಿಲವಾಯಿತು. ಅದೇ ಅಂಗಳದಲ್ಲಿ ಮಕ್ಕಳ ಬಟ್ಟೆ ಬಿಗಿಯಾಗುತ್ತ ಹೋಯಿತು.

ಕರ್ನಾಟಕದಲ್ಲಿ ಇದಕ್ಕೆಲ್ಲ ಕಾನೂನಿನ ತಳಹದಿ 1995ರಲ್ಲಿ ರೂಪಿಸಿದ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೆಯ ನಿಯಮ. ಮಾನ್ಯತೆ ಪಡೆದ ಯಾವ ಸಂಸ್ಥೆಯೂ ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು. ಒಮ್ಮೆ ಗೊತ್ತುಮಾಡಿದ ಮೇಲೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವ ಯೋಚನೆಯಿದ್ದರೆ ಒಂದು ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ನ್ಯಾಯಾಲಯಗಳಲ್ಲಿ ಇದನ್ನು ಶಿಸ್ತು, ಹಕ್ಕು, ಧರ್ಮಗಳ ಕಣ್ಣಿನಿಂದ ಓದಿದ್ದಾಯಿತು. ನನ್ನ ಓದಿನಲ್ಲಿ ಆ ನಿಯಮದ ಹೆಚ್ಚಿನ ಪಾಲು ಮಾತು ಶಾಲೆಯ ಅಧಿಕಾರದ ಬಗೆಗಲ್ಲ, ಬಟ್ಟೆ ಕೊಳ್ಳುವವರ ಜೇಬಿನ ಬಗೆಗೆ. ನಮ್ಮ ಬೀದಿಯ ದರ್ಜಿ ಈ ನಿಯಮವನ್ನು ಓದಿದವರಲ್ಲ. ಮೇ ಕೊನೆಯಲ್ಲಿ ಅಳತೆ ಕೊಡಲು ಬಂದ ತಾಯಂದಿರು ಮಗುವನ್ನು ಮುಂದೆ ನಿಲ್ಲಿಸಿ ‘ಒಳಗಡೆ ಎರಡು ಇಂಚು ಜಾಸ್ತಿ ಬಿಡಿ, ಮುಂದಿನ ವರ್ಷಕ್ಕೂ ಆಗಬೇಕು’ ಎನ್ನುತ್ತಾರೆ. ಅವರು ಸ್ಕರ್ಟಿನ ಅಂಚನ್ನು ಎರಡು ಸಲ ಒಳಕ್ಕೆ ಮಡಚಿ, ಬಿಚ್ಚಲು ಸುಲಭವಾಗಲೆಂದು ದೊಡ್ಡ ಹೊಲಿಗೆ ಹಾಕಿ ಕೊಡುತ್ತಾರೆ.